ಬೆಳ್ಳಿಹಕ್ಲಿನ ಉಪ್ಪಾಗೆ ಮರ ಯಾರದ್ದು?

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕಾಡಿನ ಮಾಲು ಕೊಳ್ಳುವ ಅಂಗಡಿಯೊಂದಿದೆ. ಸೀಗೆಕಾಯಿ, ಅಂಟುವಾಳ, ರಾಮಪತ್ರೆ, ಜೇನುತುಪ್ಪ ಎಲ್ಲ ಅಲ್ಲಿಗೆ ಬರುತ್ತವೆ. ಈ ವರ್ಷ ಆಷಾಢದ ಒಂದು ಬೆಳಿಗ್ಗೆ ನಾನು ಅದೇ ದಾರಿಯಲ್ಲಿ ಹಿಟ್ಟಿನ ಗಿರಣಿಗೆ ಹೊರಟಿದ್ದೆ. ಅಂಗಡಿಯ ಬಾಗಿಲಲ್ಲಿ ಯಾರೋ ಆಗಷ್ಟೇ ಒಂದು ಚೀಲದ ಬಾಯಿ ಬಿಚ್ಚಿದ್ದರು. ಹುಳಿಯೂ ಹೊಗೆಯೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಒಣಗಿಸಿದ ಉಪ್ಪಾಗೆ. ಎಂಟು ವರ್ಷದಿಂದ ಆ ವಾಸನೆ ಬಂದ ಕಡೆಯೆಲ್ಲ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಅಕ್ಕಿಯ ಡಬ್ಬವನ್ನು ಕೆಳಗಿಟ್ಟು ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದೆ. ತಳದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ಬೆರಳಿನಿಂದ ಒಂದೊಂದೇ ಹೊರಳಿಸಿ ನೋಡಿದೆ. ಅಂಗಡಿಯವನು ಎಂತ ಹುಡುಕ್ತೀರಿ ಅಕ್ಕಾ ಎಂದ. ತೊಟ್ಟು ಎಂದೆ. ಅವನು ನಕ್ಕು, ತೊಟ್ಟಿದ್ದರೆ ನಾವು ಮುಟ್ಟೋದೇ ಇಲ್ಲ, ಆ ಮಾಲು ಈಗ ಎಲ್ಲೂ ನಡೆಯೋದಿಲ್ಲ ಎಂದ. ಯಾಕೆ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ನಾನೂ ಹೇಳಲು ಹೋಗಲಿಲ್ಲ. ಡಬ್ಬ ಎತ್ತಿಕೊಂಡು ಗಿರಣಿಗೆ ಹೋದೆ.

ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ನನ್ನ ಸಿಟ್ಟು ಇಳಿದಿಲ್ಲ. ಅದನ್ನು ದಿನಾ ನೀರು ಹಾಕಿ ಸಾಕಿದ್ದೇನೆ ಎಂದರೂ ತಪ್ಪಿಲ್ಲ. ಆ ಒಂದು ಮಳೆಗಾಲದಲ್ಲಿ ನಡೆದದ್ದನ್ನು ಬರೆಯುವುದು ಯಾರನ್ನೂ ಕ್ಷಮಿಸುವುದಕ್ಕಲ್ಲ. ಮರೆತುಹೋಗಬಾರದು, ಅಷ್ಟಕ್ಕೆ.

ಆಗ ನಾವಿದ್ದದ್ದು ಬಸರೀಕಟ್ಟೆಯಿಂದ ಮೇಲೆ, ಕೆಳಬೈಲು ಎಂಬಲ್ಲಿ. ಏಳು ಮನೆ, ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರು. ನನ್ನವರು ಸ್ವಂತದೊಂದು ಜೀಪಿನಲ್ಲಿ ಎಸ್ಟೇಟಿನ ಆಳುಗಳನ್ನು ಸಾಗಿಸುತ್ತಿದ್ದರು. ಮನೆಗಳ ಹಿಂದಿನಿಂದ ಏರುವ ಕಾಡಿನ ಗುಡ್ಡಕ್ಕೆ ಬೆಳ್ಳಿಹಕ್ಲು ಎನ್ನುತ್ತಿದ್ದೆವು. ಅಲ್ಲಿ ನಲವತ್ತಕ್ಕೂ ಮಿಕ್ಕಿ ಉಪ್ಪಾಗೆ ಮರಗಳು. ನೋಡದವರಿಗೆ ಹೇಳುವುದಾದರೆ, ಉಪ್ಪಾಗೆ ಎಂದರೆ ಮುಷ್ಟಿಯಷ್ಟು ದಪ್ಪದ, ಕುಂಬಳದ ಹಾಗೆ ಏಣೇಣಾದ ಹಣ್ಣು. ಜೂನ್ ಕಳೆಯುತ್ತಿದ್ದಂತೆ ಹಳದಿಯಾಗಿ ತಾನೇ ಬೀಳುತ್ತದೆ. ಹೊರಗಿನ ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಹೊಗೆಗೆ ಒಣಗಿಸಿದರೆ ಕಪ್ಪಾಗಿ ವರ್ಷಗಟ್ಟಲೆ ಕೆಡದ ಹುಳಿ. ಒಳಗಿನ ಬೀಜವನ್ನು ಒಣಗಿಸಿ, ಕುಟ್ಟಿ, ಕುದಿಸಿದರೆ ಗಟ್ಟಿ ತುಪ್ಪ.

ಹಣ್ಣು ಹೆಕ್ಕುವುದು ಹೆಂಗಸರ ಕೆಲಸ. ಅದರಿಂದ ಬಂದದ್ದೂ ಹೆಂಗಸರದ್ದೇ. ಮಗಳ ನೋಟ್‌ಬುಕ್ಕಿಗೆ, ಕಣ್ಣಿನ ಔಷಧಕ್ಕೆ, ತವರಿಗೆ ಹೋಗುವ ಬಸ್ಸಿಗೆ ಗಂಡನ ಮುಂದೆ ಕೈಚಾಚದೆ ಇರುವುದಕ್ಕೆ ನಮಗಿದ್ದದ್ದು ಅದೊಂದೇ. ಗಂಡಸರು ಆ ಗುಡ್ಡವನ್ನು ತಿರುಗಿಯೂ ನೋಡುತ್ತಿರಲಿಲ್ಲ. ಬಗ್ಗಿ ಹೆಕ್ಕುವುದು ಅವರ ಘನತೆಗೆ ಕಡಿಮೆ.

ಅದಕ್ಕೊಂದು ಕ್ರಮವಿತ್ತು. ಮರ ಹತ್ತುವಂತಿಲ್ಲ, ಕೊಂಬೆ ಅಲುಗಿಸುವಂತಿಲ್ಲ, ಬಿದ್ದದ್ದು ಮಾತ್ರ. ಬೆಳಿಗ್ಗೆ ಯಾವ ಮರದ ಬುಡಕ್ಕೆ ಯಾರು ಮೊದಲು ತಲುಪುತ್ತಾರೋ ಅವರು ಒಂದು ಹಸಿ ಸೊಪ್ಪಿನ ಟೊಂಗೆ ಮುರಿದು ಕಲ್ಲಿನಡಿ ಇಡುವುದು. ಸೊಪ್ಪು ಕಂಡರೆ ಹಿಂದಿನಿಂದ ಬಂದವರು ಮಾತಿಲ್ಲದೆ ಮುಂದಿನ ಮರಕ್ಕೆ ಹೋಗುವುದು. ಸಂಜೆಗೆ ಸೊಪ್ಪು ಬಾಡುತ್ತದೆ, ಹಕ್ಕೂ ಅಲ್ಲಿಗೆ ಮುಗಿಯಿತು. ನಾಳೆ ಆ ಮರ ಇನ್ಯಾರಿಗೋ. ಇದೆಲ್ಲಕ್ಕಿಂತ ದೊಡ್ಡ ಕಟ್ಟು ಇನ್ನೊಂದಿತ್ತು. ಯಾವ ಮರವನ್ನೂ ನಮ್ಮ ಮರ ಎನ್ನಬಾರದು. ಇಂಥವರ ಮರ ಎಂದು ಬಾಯಿಬಿಟ್ಟು ಹೇಳಿದರೆ ಉಪ್ಪಾಗೆ ಮುನಿಸಿಕೊಂಡು ಕಾಯಿ ಬಿಡುವುದನ್ನೇ ನಿಲ್ಲಿಸುತ್ತದೆ ಎಂಬ ನಂಬಿಕೆ. ನಾನು ಸೊಸೆಯಾಗಿ ಬಂದ ಮೊದಲ ಮಳೆಗಾಲ ಬಾಯಿತಪ್ಪಿ ನನ್ನ ಮರ ಎಂದದ್ದಕ್ಕೆ ಸುಶೀಲತ್ತೆ ಬಾಯಿಯ ಮೇಲೆ ಮೆಲ್ಲಗೆ ಹೊಡೆದಿದ್ದರು.

ಸುಶೀಲತ್ತೆ ನನ್ನವರ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಅಣ್ಣಂದಿರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು. ಹಾಗೆ ಎತ್ತಿ ಆಡಿಸಿದವರಲ್ಲಿ ನನ್ನವರ ದೊಡ್ಡಪ್ಪನ ಮಗ ಸುರೇಶನೂ ಒಬ್ಬ. ತಾಯಿ ಇಲ್ಲದ ಕೂಸು ಅದು ಎಂದು ಅತ್ತೆ ಅವನಿಗೆ ಎರಡು ತುತ್ತು ಹೆಚ್ಚೇ ಉಣಿಸಿದ್ದರಂತೆ. ವರಸೆಯಲ್ಲಿ ಅವನು ನನಗೆ ಭಾವ. ಭಾವನ ಎದುರು ನೇರ ನಿಂತು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಇಲ್ಲಿ ಬರೆಯುವಾಗ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ.

ಅವನು ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದ. ಹಾಜರಿ ಪುಸ್ತಕ ಬರೆಯುವ ಕೆಲಸ. ಯಾವ ಕಾಲಮ್ಮಿನಲ್ಲಿ ಯಾರ ಹೆಸರು ಬಿದ್ದರೆ ಏನಾಗುತ್ತದೆ ಎಂಬುದು ಕೆಳಬೈಲಿನಲ್ಲಿ ಅವನೊಬ್ಬನಿಗೆ ಗೊತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಹೊರಗಿನ ಸಂಸ್ಥೆಯೊಂದು ಬಸರೀಕಟ್ಟೆಗೆ ಬಂತು. ಶಾಲೆಯಲ್ಲಿ ಸಭೆ ಕರೆದು ಗೋಡೆಯ ಮೇಲೆ ಚಿತ್ರ ತೋರಿಸಿದರು. ಅದಕ್ಕೆ ಹಿಂದಿನ ಕೆಲವು ವರ್ಷ ಉಪ್ಪಾಗೆಗೆ ಬೆಲೆ ಏರಿ, ಕಂಡಕಂಡವರು ಕಾಡಿಗೆ ನುಗ್ಗಿ, ಎಳೆಗಾಯಿಗೆ ಆಸೆಪಟ್ಟು ಕೊಂಬೆಗಳನ್ನೇ ಕಡಿದು ಉರುಳಿಸಿದ್ದರು. ನರಸಿಂಹರಾಜಪುರದ ಕಡೆಯ ಗುಡ್ಡಗಳಲ್ಲಿ ಬೋಳು ಮರ ನಿಂತದ್ದನ್ನು ನಾವೂ ನೋಡಿದ್ದೆವು. ಸಂಸ್ಥೆಯವರು ಹೇಳಿದ್ದು ಇಷ್ಟು. ಕಾಡನ್ನು ಕಾನೂನು ಹೇಳಿ ಕಾಯಲು ಆಗುವುದಿಲ್ಲ, ಬೆಲೆ ಕೊಟ್ಟು ಕಾಯಬೇಕು. ಹಣ್ಣಾಗಿ ಬಿದ್ದದ್ದನ್ನು ಮಾತ್ರ ಹೆಕ್ಕಿದ ಉಪ್ಪಾಗೆಗೆ ಒಂದು ಪ್ರಮಾಣಪತ್ರ. ಆ ಪತ್ರವಿರುವ ಮಾಲಿಗೆ ಹೊರದೇಶದವರು ಹೆಚ್ಚಿನ ಬೆಲೆ ಕೊಡುತ್ತಾರೆ. ಆ ಬೆಲೆಯ ಆಸೆಗೆ ಜನ ಮರವನ್ನು ಉಳಿಸಿಕೊಳ್ಳುತ್ತಾರೆ.

ನನಗೆ ಖುಷಿಯೋ ಖುಷಿ. ನಮ್ಮ ಅಜ್ಜಿಯರು ಮಾಡಿಕೊಂಡು ಬಂದ ಕ್ರಮಕ್ಕೇ ಈಗ ಪತ್ರ ಕೊಡುತ್ತಾರಂತೆ ಎಂದು ಪಕ್ಕದ ಮನೆಯ ಗಿರಿಜಳ ತೊಡೆ ಚಿವುಟಿದೆ. ಹಿಂದಿನ ಬೆಂಚಿನಲ್ಲಿದ್ದ ಸುಶೀಲತ್ತೆ ಮಾತ್ರ ಎದ್ದು ನಿಂತು ಕೇಳಿದರು:

"ಒಂದು ವರ್ಷ ಅವ್ರು ತಗೊಳ್ಳದೆ ಇದ್ರೆ ಮರ ಕಾಯೋದು ಯಾರು?"

ಸಂಸ್ಥೆಯವರು ನಗುತ್ತಲೇ ಏನೋ ಉತ್ತರ ಹೇಳಿದರು. ಇನ್ನೊಂದು ಚಿತ್ರವನ್ನೂ ತೋರಿಸಿದರು. ಅತ್ತೆಗೆ ತೃಪ್ತಿಯಾದಂತೆ ಕಾಣಲಿಲ್ಲ, ಸೆರಗು ಸರಿಮಾಡಿಕೊಂಡು ಕೂತರು.

ಆಮೇಲೆ ಸರ್ವೆಗೆ ಒಬ್ಬರು ಬಂದರು. ಕೈಯಲ್ಲಿ ಟ್ಯಾಬು, ಬೆನ್ನಿಗೆ ಚೀಲ, ಚೀಲದ ತುಂಬ ನಂಬರು ಕೊರೆದ ಅಲ್ಯೂಮಿನಿಯಂ ಬಿಲ್ಲೆಗಳು. ಒಂದೊಂದು ಮರಕ್ಕೂ ಒಂದೊಂದು ಬಿಲ್ಲೆ ಹೊಡೆದು, ಬುಡ ಅಳೆದು, ಫೋಟೋ ತೆಗೆದು ವಿವರ ತುಂಬಬೇಕು. ದಾರಿ ತೋರಿಸಲು ನಾವು ನಾಲ್ಕೈದು ಹೆಂಗಸರು ಹೋಗಿದ್ದೆವು. ಯಾವತ್ತೂ ಆ ಗುಡ್ಡ ಹತ್ತದ ಸುರೇಶನೂ ಅವತ್ತು ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಹಿಂದೆ ಬಂದ.

ಮೊದಲ ಮರದ ಬುಡದಲ್ಲಿ ನಿಂತು ಸರ್ವೆಯವರು ಕೇಳಿದರು, ಇದು ಯಾರ ಮರ? ಸುಶೀಲತ್ತೆ, ಯಾರದ್ದೂ ಅಲ್ಲ ಮಗಾ ಎಂದರು. ಎರಡನೆಯ ಮರ ಯಾರದ್ದು? ಅದೂ ಯಾರದ್ದೂ ಅಲ್ಲ. ಬೇರೆ ಏನು ಹೇಳುವುದಕ್ಕಾಗುತ್ತದೆ? ಗುಡ್ಡದ ನೆತ್ತಿಯವರೆಗೂ ಅದೇ ಪ್ರಶ್ನೆ, ಅದೇ ಉತ್ತರ. ಇಲ್ಲಿ ಹೆಕ್ಕುವವರು ಯಾರು ಎಂದು ಅವರು ಒಂದು ಸಲ ಕೇಳಿದ್ದರೆ ಏಳು ಮನೆಯ ಹೆಂಗಸರ ಹೆಸರೂ ಬೀಳುತ್ತಿತ್ತು. ಅವರು ಕೇಳಲಿಲ್ಲ. ನಾವು ಹೇಳಲಿಲ್ಲ. ನಮ್ಮ ತಿಳಿವಳಿಕೆಯಲ್ಲಿ ನಾವು ಮರಗಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೆವು.

ಸಂಜೆ ಸುರೇಶನ ಮನೆಯಲ್ಲಿ ಕಾಫಿ. ನಾನು ಕಡುಬಿನ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದೆ. ಸರ್ವೆಯವರು ಟ್ಯಾಬು ತೋರಿಸಿ, ಈ ಜಾಗ ಖಾಲಿ ಬಿಟ್ಟರೆ ಮಷೀನು ಮುಂದಕ್ಕೇ ಹೋಗುವುದಿಲ್ಲ, ಒಂದು ಹೆಸರು ಬೇಕೇ ಬೇಕು ಎಂದರು. ಸುರೇಶ ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ಫಾರಮ್ಮಿನ ಮಟ್ಟಿಗೆ ನನ್ನ ಹೆಸರು ಹಾಕಿಕೊಳ್ಳಿ ಎಂದ. ಎಲ್ಲರೂ ಹೆಂಗಸರ ಕಡೆ ನೋಡಿದರು. ಹೌದು, ಭಾವನ ಹೆಸರೇ ಹಾಕಿ ಎಂದವಳು ನಾನು. ಬಾಗಿಲ ಮರೆಯಲ್ಲಿ ನಿಂತು, ಕೈಯಲ್ಲಿ ಕಡುಬಿನ ತಟ್ಟೆ ಹಿಡಿದು, ನನ್ನ ಬಾಯಿಂದಲೇ ಹೇಳಿದೆ. ಮರಕ್ಕೆ ಒಡೆಯನ ಹೆಸರು ಹೇಳುವ ಪಾಪವನ್ನು ಬೇರೆಯವರು ಹೊತ್ತುಕೊಳ್ಳುತ್ತಾರಲ್ಲ ಎಂಬ ಸಮಾಧಾನ ಬೇರೆ. ಅವನ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು, ಅದನ್ನು ಮುಚ್ಚಿಡುವುದಿಲ್ಲ.

ಮೇ ತಿಂಗಳ ಕೊನೆಗೆ ಪ್ಲಾಸ್ಟಿಕ್ ಹೊದಿಸಿದ ಕಾರ್ಡುಗಳು ಬಂದವು. ಕಾರ್ಡು ಇದ್ದವರು ಮಾತ್ರ ಗುಡ್ಡದಲ್ಲಿ ಸಂಗ್ರಹ ಮಾಡಬಹುದು, ಯಾರಿಗೆ ಕಾರ್ಡು ಎಂಬುದನ್ನು ಮರಗಳು ಯಾರ ಹೆಸರಿನಲ್ಲಿವೆಯೋ ಅವರು ತೀರ್ಮಾನಿಸಬಹುದು ಎಂದು ನಿಯಮ. ಸುರೇಶ ತನ್ನ ಎಸ್ಟೇಟಿನಿಂದ ಮರ ಹತ್ತುವ ಗಟ್ಟಿಗರನ್ನು ಕರೆತಂದು ಅವರ ಕೊರಳಿಗೆ ಕಾರ್ಡು ಹಾಕಿದ. ನಮ್ಮ ಮನೆಗಳಿಗೆ ಒಂದೂ ಬರಲಿಲ್ಲ. ನನ್ನವರು ಹೋಗಿ ಕೇಳಿದ್ದಕ್ಕೆ, ಹೆಂಗಸ್ರು ಮಳೇಲಿ ಯಾಕೆ ಒದ್ದಾಡ್ಬೇಕು, ಶೆಡ್ಡಲ್ಲಿ ಕೂತು ಕೆಲಸ ಮಾಡ್ಲಿ, ದಿನಗೂಲಿ ಕೊಡ್ತೇನೆ ಎಂದನಂತೆ. ನನ್ನವರು ವಾಪಸು ಬಂದು, ಸುಮ್ನಿರು ಮಾರಾಯ್ತಿ, ಒಂದೇ ಮನೆತನದವರು ಜಗಳ ಬೇಡ ಎಂದರು. ಅವರದ್ದು ಯಾವಾಗಲೂ ಅದೇ ಮಾತು.

ಸುಶೀಲತ್ತೆಗೆ ಕಾರ್ಡಿನ ವಿಷಯ ತಲೆಗೆ ಹೋಗಲೇ ಇಲ್ಲ. ಜೂನ್ ಕೊನೆಯಲ್ಲಿ ಗಾಳಿ ಬೀಸಿದ ಮಾರನೆಯ ಬೆಳಿಗ್ಗೆ, ಎಪ್ಪತ್ತು ದಾಟಿದ ಆ ಹೆಂಗಸು ಮಳೆಗೆ ಗೊರಬು ಹೊದ್ದು, ಬಿದಿರ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೊರಟರು. ನಾನು ಅವರ ಹಿಂದೆ ಸ್ವಲ್ಪ ದೂರದಲ್ಲಿದ್ದೆ. ಹದಿನಾಲ್ಕನೆಯ ನಂಬರಿನ ಮರ ಎಲ್ಲಕ್ಕಿಂತ ಹಳೆಯದು. ಅದರ ಬುಡದಲ್ಲಿ ಸೊಪ್ಪಿಟ್ಟು ಅತ್ತೆ ಅರ್ಧ ಬುಟ್ಟಿ ಹೆಕ್ಕಿದ್ದರು. ಮೇಲಿನಿಂದ ಸುರೇಶ ಇಳಿದು ಬಂದ.

ಅವನು ಬೈಯಲಿಲ್ಲ. ದನಿ ಏರಿಸಲೂ ಇಲ್ಲ. ಅತ್ತೇ, ರೂಲು ಎಲ್ರಿಗೂ ಒಂದೇ ಎಂದ. ಅತ್ತೆಯ ಸೊಂಟದಿಂದ ಬುಟ್ಟಿ ತೆಗೆದುಕೊಂಡು ನೆಲಕ್ಕೆ ಮಗುಚಿದ. ಹಳದಿ ಹಣ್ಣುಗಳು ಇಳಿಜಾರಿನಲ್ಲಿ ಉರುಳಿ ನನ್ನ ಕಾಲಿನವರೆಗೆ ಬಂದವು. ಕಲ್ಲಿನಡಿಯ ಸೊಪ್ಪನ್ನು ಚಪ್ಪಲಿಯಿಂದ ಸರಿಸಿದ. ಖಾಲಿ ಬುಟ್ಟಿಯನ್ನು ಮರ್ಯಾದೆಯಿಂದಲೇ ವಾಪಸು ಕೊಟ್ಟ. ಅತ್ತೆ ಬುಟ್ಟಿಯ ಒಳಗೊಮ್ಮೆ ನೋಡಿದರು, ಅವನ ಮುಖ ನೋಡಿದರು, ಇಳಿದು ಹೋದರು. ಅವರು ಆ ನೋವಿನಿಂದಲೇ ಸತ್ತರು ಎಂದು ನಾನು ಸುಳ್ಳು ಬರೆಯುವುದಿಲ್ಲ, ಆಮೇಲೂ ಎರಡು ವರ್ಷ ಬದುಕಿದ್ದರು. ಆದರೆ ಮತ್ತೆ ಬೆಳ್ಳಿಹಕ್ಲು ಹತ್ತಲಿಲ್ಲ. ಅವರ ಮನೆಯ ಸಾರಿಗೆ ಮತ್ತೆ ಉಪ್ಪಾಗೆ ಬೀಳಲಿಲ್ಲ.

ಮಾರನೆಯ ದಿನ ನಾನು ಸುರೇಶನ ಶೆಡ್ಡಿಗೆ ಕೆಲಸಕ್ಕೆ ಹೋದೆ. ನಾಚಿಕೆಗೆಟ್ಟವಳು ಎಂದು ಗಿರಿಜ ಮುಖಕ್ಕೇ ಹೇಳಿದಳು. ಹೇಳಿಸಿಕೊಂಡೆ. ಏನು ಮಾಡಬೇಕೆಂದು ನನಗೂ ಆಗ ಗೊತ್ತಿರಲಿಲ್ಲ. ಅವನ ಹತ್ತಿರದಲ್ಲೇ ಇರಬೇಕು, ಎಲ್ಲಿಯಾದರೂ ಒಂದು ಬಿರುಕು ಕಂಡೇ ಕಾಣುತ್ತದೆ ಎಂದು ಮಾತ್ರ ಗೊತ್ತಿತ್ತು.

ಶೆಡ್ಡು ಎಂದರೆ ಉದ್ದನೆಯ ತಗಡಿನ ಮಾಡು, ಅದರಡಿ ಸಾಲಾಗಿ ಒಲೆಗಳು. ಸಂಸ್ಥೆಯವರು ಕಡಿಮೆ ಸೌದೆಯಲ್ಲಿ ಒಣಗಿಸುವ ಒಂದು ಯಂತ್ರ ಕೊಟ್ಟಿದ್ದರು. ಅದು ರಿಬ್ಬನ್ ಸಮೇತ ಮೂಲೆಯಲ್ಲಿ ನಿಂತಿತ್ತು. ಒಲೆಗಳಿಗೆ ಬೀಳುತ್ತಿದ್ದದ್ದು ಅದೇ ಗುಡ್ಡದ ಸೌದೆ. ಹೊಗೆಗೆ ಕಣ್ಣು ಉರಿದು ಸಂಜೆ ಮಗಳ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ವಾರ ಕಳೆಯುವುದರೊಳಗೆ ಬಿರುಕು ಕಂಡಿತು. ಸುರೇಶನ ಬಾಡಿಗೆ ಜೀಪಿನಲ್ಲಿ ಬಂದು ಬೀಳುತ್ತಿದ್ದ ರಾಶಿಯಲ್ಲಿ ಹಳದಿ ಹಣ್ಣಿಗಿಂತ ಹಸಿರು ಕಾಯಿಯೇ ಹೆಚ್ಚು. ದೋಟಿ ಹಾಕಿ ಎಳೆದದ್ದು, ಕೊಂಬೆ ಕಡಿದು ಉರುಳಿಸಿದ್ದು. ಹಣ್ಣಾಗಿ ತಾನೇ ಬಿದ್ದ ಉಪ್ಪಾಗೆಯಲ್ಲಿ ತೊಟ್ಟು ಇರುವುದು ಅಪರೂಪ, ಇದ್ದರೂ ಬೆರಳು ತಾಗಿದರೆ ಉದುರುತ್ತದೆ. ಕಿತ್ತ ಕಾಯಿಗೆ ಹಸಿರು ತೊಟ್ಟು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಒಣಗಿದ ಮೇಲೂ ಬಿಡುವುದಿಲ್ಲ. ನೋಡಿದವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಸುರೇಶನಿಗೂ ತಿಳಿದಿತ್ತು. ನಮಗೆಲ್ಲ ಒಂದೊಂದು ಚಿಕ್ಕ ಚಾಕು ಕೊಟ್ಟು, ಸೀಳುವ ಮೊದಲು ತೊಟ್ಟು ಕೆತ್ತಿ ಒಲೆಗೆ ಹಾಕಬೇಕು, ಒಂದೂ ಉಳಿಯಬಾರದು ಎಂದ.

ನಾನು ಕೆತ್ತಿದೆ. ನನ್ನಷ್ಟು ಚುರುಕಾಗಿ ಕೆತ್ತುವವರು ಇರಲಿಲ್ಲ. ಜಯಾ ಇದ್ದಾಳೆ ಎಂದರೆ ಚಿಂತೆಯಿಲ್ಲ ಎಂದು ಅವನೇ ಹೊಗಳಿದ. ಒಲೆಗೆ ಒಂದು ಹಿಡಿ ಹಾಕಿದರೆ ಮಡಿಲಿಗೆ ಎರಡು ಹಿಡಿ. ಮನೆಗೆ ತಂದು ನಮ್ಮ ಒಲೆಯ ತಟ್ಟಿಯ ಮೇಲೆ ಹರಡಿ ಒಣಗಿಸಿ, ಗೊಬ್ಬರದ ಖಾಲಿ ಚೀಲಕ್ಕೆ ತುಂಬಿದೆ. ಜುಲೈ ಕಳೆಯಿತು, ಆಗಸ್ಟು ಬಂತು. ದಿನವೂ ಆ ಚೀಲಕ್ಕೆ ಕೈ ಹಾಕಿ ಕುಲುಕಿ ನೋಡಿದರೆ ಊಟ ರುಚಿಸುತ್ತಿತ್ತು. ಆ ವರ್ಷ ಕೆಳಬೈಲಿನ ಯಾರ ಮನೆಯಲ್ಲೂ ಉಪ್ಪಾಗೆ ತುಪ್ಪ ಆಗಲಿಲ್ಲ. ಎಳೆಗಾಯಿಯ ಬೀಜದಲ್ಲಿ ತುಪ್ಪ ಬರುವುದಿಲ್ಲ. ನಮ್ಮ ತಟ್ಟಿಯ ಮೇಲೆ ಒಣಗಿದ್ದು ಬರೀ ತೊಟ್ಟು.

ಗಿರಿಜಳಿಗೆ ಒಂದು ದಿನ ಚೀಲ ತೋರಿಸಿದೆ. ಅವಳು ಒಂದು ತೊಟ್ಟು ತೆಗೆದು ಬೆರಳಿನಲ್ಲಿ ಹೊರಳಿಸಿ ನೋಡಿದಳು. ಆಮೇಲೆ, ನಾನೂ ಶೆಡ್ಡಿಗೆ ಬತ್ತೇನೆ ಎಂದಳು. ಚೀಲ ಬೇಗ ತುಂಬಿತು.

ಮಳೆ ಹಿಂದೆ ಸರಿದ ಮೇಲೆ ತಪಾಸಣೆ. ಪ್ರಮಾಣಪತ್ರ ಕೊಡುವವರ ಕಡೆಯಿಂದ ಒಬ್ಬ ಮೇಡಂ ಬಂದರು. ಕಪ್ಪು ಛತ್ರಿ, ದಪ್ಪ ಕನ್ನಡಕ, ಮಾತು ಕಡಿಮೆ. ಅದೇ ಶಾಲೆಯಲ್ಲಿ ಸಭೆ. ಮೇಜಿನ ಮೇಲೆ ಒಣಗಿದ ಉಪ್ಪಾಗೆಯ ತಟ್ಟೆ, ಕಪ್ಪಾಗಿ, ಚೊಕ್ಕವಾಗಿ, ಒಂದೂ ತೊಟ್ಟಿಲ್ಲದೆ. ಸುರೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ಕೂತಿದ್ದ. ಎಲ್ಲ ಬಿದ್ದ ಹಣ್ಣೇನಾ ಎಂದು ಮೇಡಂ ಕೇಳಿದರು. ಒಂದೇ ಒಂದು ಕಾಯಿ ಕಿತ್ತಿಲ್ಲ ಎಂದ. ಕೆಲಸದವರು ಯಾರಾದರೂ ಹೇಳುವುದಿದೆಯೇ ಎಂದು ಅವರು ತಲೆಯೆತ್ತಿ ನೋಡಿದರು. ಫಾರಮ್ಮಿನಲ್ಲಿ ಆ ಪ್ರಶ್ನೆ ಇತ್ತೋ, ಅವರೇ ಕೇಳಿದರೋ, ನನಗೆ ಗೊತ್ತಿಲ್ಲ.

ನಾನೂ ಗಿರಿಜಳೂ ಎರಡು ಕಡೆ ಹಿಡಿದು ಚೀಲವನ್ನು ಒಳಗೆ ತಂದೆವು. ಮೇಜಿನ ಮೇಲೆ, ಆ ಚೊಕ್ಕ ತಟ್ಟೆಯ ಪಕ್ಕದಲ್ಲೇ ಸುರಿದೆವು. ತೊಟ್ಟುಗಳು ಮೇಜು ತುಂಬಿ ಅವನ ತೊಡೆಯ ಮೇಲೆಲ್ಲ ಬಿದ್ದವು. ಮೇಡಂ ಕಡೆ ತಿರುಗಿ ಹೇಳಿದೆ.

"ಬಿದ್ದ ಹಣ್ಣಿಗೆ ಇಷ್ಟು ತೊಟ್ಟು ಇರೋದಿಲ್ಲ ಮೇಡಂ. ಇದನ್ನ ಕೆತ್ತಿದ್ದು ನಾನೇ, ಇದೇ ಕೈಯಲ್ಲಿ."

ಸುರೇಶ ಮೊದಲು ನಕ್ಕ. ಆಮೇಲೆ, ಇದು ಎಲ್ಲಿಂದಲೋ ತಂದದ್ದು, ಸೀತೂರಿನ ಕಡೆ ಇವಳ ತವರು, ಅಲ್ಲಿಂದ ಹೊರಿಸಿ ತಂದಿದ್ದಾಳೆ, ಮನೆಯ ದ್ವೇಷ ಎಂದ. ದ್ವೇಷ ಎಂದದ್ದು ಮಾತ್ರ ನಿಜ. ಮೇಡಂ ಒಂದು ತೊಟ್ಟನ್ನು ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ಒರೆಸಿಕೊಂಡರು, ಗುಡ್ಡಕ್ಕೆ ಹೋಗೋಣ ಎಂದು ಎದ್ದರು.

ಶಾಲೆಯಲ್ಲಿದ್ದವರೆಲ್ಲ ಹಿಂದೆಯೇ ಬಂದರು. ಒಂದನೆಯ ನಂಬರಿನ ಮರದ ಕೆಳಗಿನ ಎರಡು ಕೊಂಬೆ ಕಡಿದು, ಗಾಯ ಇನ್ನೂ ಹಸಿ ಇತ್ತು. ಮೇಡಂ ಬಿಲ್ಲೆಯ ನಂಬರು ಓದಿ, ಪುಸ್ತಕ ಬಿಡಿಸಿ, ವಾಡಿಕೆಯ ಪ್ರಶ್ನೆ ಕೇಳಿದರು.

"ಇದು ಯಾರ ಮರ?"

ಗಿರಿಜ ನನ್ನ ಮುಖ ನೋಡಿದಳು. ನಾನು ಆ ಮರವನ್ನು ನೋಡಲಿಲ್ಲ, ನೋಡಿದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ಸುರೇಶನನ್ನೇ ನೋಡುತ್ತ ಹೇಳಿದೆ.

"ಸುರೇಶ ಭಾವನ ಮರ."

ಎರಡನೆಯ ಮರಕ್ಕೆ ಬಂದಾಗ ಗಿರಿಜ ಹೇಳಿದಳು. ಮೂರನೆಯದಕ್ಕೆ ಬಂದಿದ್ದ ಹೆಂಗಸರೆಲ್ಲ ಒಟ್ಟಿಗೆ ಹೇಳಿದರು. ಅಷ್ಟು ವರ್ಷ ಬಾಯಿಯೊಳಗೇ ಕಟ್ಟಿಟ್ಟುಕೊಂಡಿದ್ದ ಮಾತು, ಒಂದು ಸಲ ಬಿಟ್ಟ ಮೇಲೆ ನಿಲ್ಲಲಿಲ್ಲ. ಕಡಿದ ಕೊಂಬೆ ಕಂಡಲ್ಲೆಲ್ಲ, ಬೋಳು ನೆತ್ತಿ ಕಂಡಲ್ಲೆಲ್ಲ, ಸುರೇಶಣ್ಣನ ಮರ, ಸುರೇಶಣ್ಣನ ಮರ ಎಂದು ಹೇಳುತ್ತ ಹತ್ತಿದೆವು. ಅವನ ಮುಖ ಬಿಳಿಚಿಕೊಂಡದ್ದು ಪತ್ರ ಹೋಗುತ್ತದೆಂದು ಮಾತ್ರವಲ್ಲ. ಅವನೂ ಅದೇ ಅತ್ತೆಯ ಮಡಿಲಲ್ಲಿ ಬೆಳೆದವನು, ಮರಕ್ಕೆ ಹೆಸರು ಹೇಳುವುದು ಎಂದರೇನು ಎಂದು ತಿಳಿದವನು. ಹದಿನಾಲ್ಕನೆಯ ಮರ ತಲುಪುವ ಹೊತ್ತಿಗೆ, ಸಾಕು ನಿಲ್ಸಿ ಎಂದು ಕೈ ಎತ್ತಿದ. ಅವನ ಮುಖ ನೋಡಿಕೊಂಡೇ ನಾನು ಆ ಮರಕ್ಕೂ ಹೇಳಿದೆ.

ಪತ್ರ ರದ್ದಾಯಿತು. ಸುರೇಶನ ಮಾಲನ್ನು ಕೊಪ್ಪದಲ್ಲೂ ಯಾರೂ ಮುಟ್ಟಲಿಲ್ಲ. ಶೆಡ್ಡಿನ ತಗಡು ಬಿಚ್ಚಿ ಮಾರಿದ. ಎಸ್ಟೇಟಿನವರಿಗೂ ಸುದ್ದಿ ಹೋಗಿ ಹಾಜರಿ ಪುಸ್ತಕ ಬೇರೆಯವರ ಕೈಗೆ ಹೋಯಿತು. ರಿಬ್ಬನ್ ಕಟ್ಟಿದ ಯಂತ್ರದೊಳಗೆ ಅವನ ಹೆಂಡತಿ ಕೋಳಿ ಕೂಡಿಹಾಕಿದಳು. ನನಗೆ ಖುಷಿಯಾಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಅವನು ಬಸರೀಕಟ್ಟೆಯ ಹೋಟೆಲಿಗೆ ಬಂದರೆ ಜನ ಬೇರೆ ಬೆಂಚಿಗೆ ಸರಿಯುತ್ತಿದ್ದರಂತೆ. ಆ ಸುದ್ದಿಯನ್ನು ನನ್ನವರ ಬಾಯಿಂದ ಎರಡೆರಡು ಸಲ ಹೇಳಿಸಿಕೊಂಡೆ.

ತಪಾಸಣೆಯ ದಿನ ಸಂಜೆ ಓಡಿಕೊಂಡು ಸುಶೀಲತ್ತೆಯ ಮನೆಗೆ ಹೋಗಿದ್ದೆ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಚೀಲ ಸುರಿದದ್ದು ಕೇಳುವಾಗ ಅವರ ತುಟಿಯಲ್ಲಿ ಸಣ್ಣ ನಗು ಬಂದದ್ದು ನಿಜ. ಮರಗಳ ವಿಷಯ ಬಂದಾಗ ಅದು ಹೋಯಿತು. ಬುಟ್ಟಿ ಹೆಣೆಯುತ್ತಿದ್ದ ಬಿದಿರ ಸೀಳನ್ನು ಕೆಳಗಿಟ್ಟರು.

"ಅವ ನಿಂಗೆ ಮಾಡಿದ್ದಕ್ಕೆ ಅವಂಗೆ ಮಾಡಿದ್ದಿ, ಸರಿ. ಮರ ನಿಂಗೆ ಎಂತ ಮಾಡಿತ್ತೇ?"

ಮುಂದಿನ ವರ್ಷ ಆ ಮರಗಳು ಕಾಯಿ ಬಿಡಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಅಷ್ಟು ಕೊಂಬೆ ಕಡಿದರೆ ಇನ್ನೇನಾಗುತ್ತದೆ ಎಂದು ನನ್ನವರು ಸಮಾಧಾನ ಹೇಳಿದರು. ಅದೇ ನಿಜವಿರಬಹುದು. ಸಂಸ್ಥೆಯವರು ಮತ್ತೆ ಆ ಕಡೆ ಬರಲಿಲ್ಲ. ಒಂದು ವರ್ಷ ಅವರು ತೆಗೆದುಕೊಳ್ಳದಿದ್ದರೆ ಕಾಯುವವರು ಯಾರು ಎಂದು ಅತ್ತೆ ಕೇಳಿದ ಪ್ರಶ್ನೆಯನ್ನು ನಾನೇ ನಿಜ ಮಾಡಿದ ಹಾಗಾಯಿತು. ಕಾದದ್ದು ಕೊನೆಗೆ ಹೆಂಗಸರೇ. ಬೋಳು ಮರದ ಬುಡಕ್ಕೂ ಬೆಳಿಗ್ಗೆ ಹೋಗಿ ಸೊಪ್ಪಿಟ್ಟು ಬರಿಗೈಯಲ್ಲಿ ಇಳಿದು ಬರುತ್ತಿದ್ದೆವು. ಜೀಪು ಮಾರಿ ನಾವು ಕೊಪ್ಪಕ್ಕೆ ಬಂದದ್ದು ಅತ್ತೆ ತೀರಿಕೊಂಡ ಮೇಲೆ.

ಅಂಗಡಿಯ ಚೀಲಕ್ಕೆ ಕೈ ಹಾಕಿದ ಮಾರನೆಯ ದಿನ ನಾನು ಮೊದಲ ಬಸ್ಸಿಗೆ ಬಸರೀಕಟ್ಟೆಗೆ ಹೋದೆ. ಗಿರಿಜಳ ಮನೆಯಲ್ಲಿ ಕಾಫಿ ಕುಡಿದು, ಅವಳ ಬುಟ್ಟಿ ಇಸಿದುಕೊಂಡು ಗುಡ್ಡ ಹತ್ತಿದೆ. ಬಿಲ್ಲೆಗಳು ಈಗಲೂ ಇವೆ, ತೊಗಟೆ ಬೆಳೆದು ಅರ್ಧ ನಂಬರು ನುಂಗಿದೆ. ಹದಿನಾಲ್ಕನೆಯ ಮರ ಕಡಿದಲ್ಲೆಲ್ಲ ಹೊಸ ಕೊಂಬೆ ಒಡೆದು, ಎಲೆಗಿಂತ ಹೆಚ್ಚು ಹಳದಿ ಹಣ್ಣು ಹೊತ್ತು ನಿಂತಿತ್ತು. ಕೆಳಗೆ ನೆಲವೆಲ್ಲ ಹಣ್ಣು. ಕಲ್ಲಿನಡಿ ಯಾರೋ ಸೊಪ್ಪಿಟ್ಟಿದ್ದರು.

ಮುಂದಿನ ಮರಕ್ಕೆ ಹೊರಡಬೇಕು ಅನ್ನುವಾಗ ಬುಡದ ಆಚೆ ಬದಿಯಲ್ಲಿ ಸುರೇಶ ಕಂಡ. ತಲೆ ಪೂರ್ತಿ ನರೆತಿದೆ. ಮೊಣಕಾಲೂರಿ ಕೂತಿದ್ದ, ಪಕ್ಕದಲ್ಲಿ ಬುಟ್ಟಿ, ಖಾಲಿ. ಅಷ್ಟು ಹಣ್ಣಿನ ನಡುವೆ ಒಂದನ್ನೂ ಹೆಕ್ಕಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ. ಮೂರು ದಿನದಿಂದ ಬರುತ್ತಿದ್ದಾನಂತೆ, ಸೊಪ್ಪಿಡುತ್ತಾನಂತೆ, ಹೆಸರು ಹೇಳಿದ ಮರವೆಂದು ಮುಟ್ಟಲು ಕೈ ಬರುವುದಿಲ್ಲವಂತೆ. ನೆಲ ನೋಡುತ್ತ ಹೇಳಿದ.

"ಜಯಾ, ಇದು ಯಾರದ್ದೂ ಅಲ್ಲ ಅಂತ ನಿನ್ನ ಬಾಯಲ್ಲಿ ಒಂದ್ಸಲ ಹೇಳು ಮಾರಾಯ್ತಿ. ಹೆಕ್ಕಿಕೊಂಡು ಹೋಗ್ತೇನೆ."

ಮಗುಚಿದ ಬುಟ್ಟಿ ಕಣ್ಣಿಗೆ ಬಂತು. ಇಳಿಜಾರಿನಲ್ಲಿ ಉರುಳಿ ಬಂದ ಹಣ್ಣುಗಳು ಬಂದವು. ಅತ್ತೆಯ ಪ್ರಶ್ನೆಯೂ ಬಂತು. ತಲೆಯೆತ್ತಿ ಆ ಮರವನ್ನು ನೋಡಿದೆ. ಅಷ್ಟು ವರ್ಷದ ಮೇಲೆ ಅದು ಕಾಯಿ ಹೊತ್ತಿತ್ತು.

ಭಾವನ ಎದುರು ನಿಂತು ಮಾತಾಡದ ಮನೆಯ ಸೊಸೆ ನಾನು. ಅವತ್ತು ತೀರ ಹತ್ತಿರ ಹೋದೆ. ಅವನ ಕಿವಿಗೆ ಬಾಯಿಟ್ಟು, ಮರಕ್ಕೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದೆ.

"ನಿಮ್ದೇ, ಭಾವ."

ಅವನು ಖಾಲಿ ಬುಟ್ಟಿ ಎತ್ತಿಕೊಂಡು ಇಳಿದು ಹೋದ. ನಾನು ಮುಂದಿನ ಮರಕ್ಕೆ ಹೋಗಿ, ಒಂದು ಟೊಂಗೆ ಮುರಿದು ಕಲ್ಲಿನಡಿ ಇಟ್ಟು, ಹೆಕ್ಕಲು ಕೂತೆ.